ಮಲ್ಲಿಕಸಾಬರು ಮಾಡಿದ ಆರನೆಯ ಕುರ್ಚಿ

ರಾಣೆಬೆನ್ನೂರಿನ ಬಡಿಗ ಮಲ್ಲಿಕಸಾಬರು ೧೯೮೧ರ ಬೇಸಿಗೆಯಲ್ಲಿ ಒಂದು ಕುರ್ಚಿ ಮಾಡಿದರು. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅದು ಸಿದ್ಧವಾಗಲು ಹಿಡಿದ ನಲವತ್ತೊಂದು ದಿನವೂ ನಾನು ಪಕ್ಕದ ಮನೆಯಲ್ಲಿದ್ದೆ; ಭೂಮಾಪಕನಾದ ನಾನು ಅಳೆಯದೆ ಏನನ್ನೂ ನಂಬಿದವನಲ್ಲ.

ಬ್ಯಾಡಗಿಯ ಮೆಣಸಿನಕಾಯಿ ಸಾವಕಾರರೊಬ್ಬರ ಮನೆಯಲ್ಲಿ ಆರು ಹಳೆಯ ಮಹಾಗನಿ ಊಟದ ಕುರ್ಚಿಗಳಿದ್ದವು. ಒಂದನ್ನು ಗೆದ್ದಲು ತಿಂದಿತ್ತು. ಅದಕ್ಕೆ ಬದಲಿ ಮಾಡಲು ಸಾವಕಾರರು ಅದೇ ಮರದ ಮುರುಕು ಮೇಜೊಂದನ್ನು ಕೊಟ್ಟರು. ಬೆನ್ನಿಗೆ ರಿಬ್ಬನ್ನಿನಂತೆ ಹೆಣೆದ ಜಾಲರಿ, ಬಾಗಿದ ಮುಂಗಾಲು, ಪಾದದಲ್ಲಿ ಚೆಂಡು ಹಿಡಿದ ಹಕ್ಕಿಯ ಪಂಜ. ಇದನ್ನು ಅಪ್ಪಟ ಇಂಗ್ಲಿಷ್ ವಿನ್ಯಾಸವೆನ್ನುವುದು ಅರೆಬರೆ ತಿಳಿವಳಿಕೆ. ಪಂಜದ ಮೂಲ, ಮುತ್ತು ಹಿಡಿದ ಚೀನಾದ ಡ್ರ್ಯಾಗನ್ ಎಂದು ಬಲ್ಲವರು ಹೇಳುತ್ತಾರೆ; ಮರವಂತೂ ವೆಸ್ಟ್ ಇಂಡೀಸಿನದು.

ಕೆತ್ತಿದ್ದನ್ನು ನೋಡಿ ಕೆತ್ತಬಾರದು, ಜೀವವಿರುವುದನ್ನು ನೋಡಿ ಕೆತ್ತಬೇಕೆಂಬುದು ಮಲ್ಲಿಕಸಾಬರ ಉಸ್ತಾದರ ಕಟ್ಟಪ್ಪಣೆ. ಹೀಗಾಗಿ ಅವರ ಪತ್ನಿ ಕುಲ್ಸುಮಬಿಯವರ ಹುಂಜಕ್ಕೆ ಸಂಕಟ ಬಂತು.

“ಅದರ ಕಾಲಿಗೆ ನಿಂಬಿಹಣ್ಣ ಯಾಕ ಕಟ್ಟೀರಿ? ನಿಕಾಹ ಮಾಡಾಕತ್ತೀರೇನು?”

“ಸುಮ್ಮಿರ. ಸಾವಕಾರ್ರ ಕುರ್ಚಿಗೆ ಅದರ ಪಾದ ಬೇಕಾಗೈತಿ.”

ಹಳೆಯ ಐದು ಕುರ್ಚಿಗಳಲ್ಲಿ ಪಂಜದ ಹಿಂಬೆರಳು ಚೆಂಡಿಗೆ ಅಂಟಿಕೊಂಡಿದೆ. ಮಲ್ಲಿಕಸಾಬರದರಲ್ಲಿ ಮಾತ್ರ, ಹುಂಜಕ್ಕಿದ್ದಂತೆ, ತುದಿ ನಾಲ್ಕು ಮಿಲಿಮೀಟರ್ ಮೇಲೆದ್ದಿದೆ. ಅಳೆದವನು ನಾನು.

೨೦೨೧ರಲ್ಲಿ ಪಾರ್ಶ್ವವಾಯು ಹೊಡೆದು ಅವರ ಬಲಗೈ ನಿಂತಿತು. ವೃದ್ಧ ಕುಶಲಕರ್ಮಿಗಳ ಮಾಸಾಶನಕ್ಕೆ ನಾನೇ ಅರ್ಜಿ ಬರೆದುಕೊಟ್ಟೆ. ಕಚೇರಿಯವರು ಸ್ವಂತ ಕೆತ್ತನೆಯ ಪುರಾವೆ ಬೇಕೆಂದರು. ಜೀವಮಾನವೆಲ್ಲ ಬಾಗಿಲು, ಕಿಟಕಿ ಮಾಡಿದವರಿಗೆ ಕೆತ್ತನೆಯೆಂದು ಉಳಿದದ್ದು ಆ ಕುರ್ಚಿಯೊಂದೇ. ೨೦೨೩ರ ಜುಲೈಯಲ್ಲಿ ಇಬ್ಬರೂ ಬ್ಯಾಡಗಿಗೆ ಹೋದೆವು.

ಸಾವಕಾರರು ತೀರಿಕೊಂಡಿದ್ದರು. ಮಗ ವಿಜಯಮಹಾಂತೇಶ ಕುರ್ಚಿಗಳನ್ನು ಮಾರಲೆಂದು ಮುಂಬಯಿಯ ತಜ್ಞನೊಬ್ಬನನ್ನು ಕರೆಸಿದ್ದ. ಆತ ಆರೂ ಕುರ್ಚಿಗಳ ಪಾದ ಸವರಿ, ಮಲ್ಲಿಕಸಾಬರದರ ಮುಂದೆ ನಿಂತು, ಇದೊಂದೇ ಮೂಲ ಕುರ್ಚಿ, ಸುಮಾರು ೧೭೬೦ರದು, ಉಳಿದ ಐದೂ ಇದರ ಜೀವವಿಲ್ಲದ ನಕಲುಗಳು ಎಂದು ಘೋಷಿಸಿದ. ನಾನು ನಾಲ್ಕು ಮಿಲಿಮೀಟರ್ ತೋರಿಸಿದೆ. ಅದೇ ತನ್ನ ಪುರಾವೆಯೂ ಎಂದ!

ವಿಜಯಮಹಾಂತೇಶ ನಕ್ಕ. “ಇನ್ನೂರ ಅರವತ್ತ ವರ್ಷದ ಕುರ್ಚಿ ನೀವು ಮಾಡೀರಿ ಅಂದ್ರ, ಚಾಚಾ, ನಿಮಗೀಗ ವಯಸ್ಸೆಷ್ಟ್ರಿ?”

“ಎಪ್ಪತ್ತೆಂಟ್ರಿ. ನಿಮ್ಮ ಅಪ್ಪಾರು ಇದ್ದಿದ್ರ ಹೇಳತಿದ್ರು.”

“ಅವರಿಲ್ಲಲ್ರಿ.”

ಹಾವೇರಿಯಲ್ಲಿ ಮಾಸಾಶನ ಸಮಿತಿಯ ಮುಂದೆ, ವಿಜಯಮಹಾಂತೇಶನಿಂದ ತರಿಸಿಕೊಂಡ ತಜ್ಞನ ಪ್ರಮಾಣಪತ್ರವಿತ್ತು. ನನ್ನ ಲಿಖಿತ ಸಾಕ್ಷ್ಯವನ್ನು ಯಾರೂ ಓದಲಿಲ್ಲ. ಮರದ ತುಂಡೊಂದನ್ನಿಟ್ಟು, “ಒಂದ ಉಗುರು ಕೆತ್ತಿ ತೋರಸ್ರಿ, ಅಜ್ಜಾರ” ಎಂದರು. ಮಲ್ಲಿಕಸಾಬರು ಎಡಗೈಯಲ್ಲಿ ಉಳಿ ಹಿಡಿದರು. ಅದು ಎರಡು ಸಲ ಜಾರಿತು.

“ಸಾಕ್ ಬಿಡ್ರಿ, ಕೈಗೆ ಪೆಟ್ಟಾದೀತು.”

ಅರ್ಜಿ ತಿರಸ್ಕೃತವಾಯಿತು. ಕಾರಣ: ‘ಅರ್ಜಿದಾರರು ಪುರಾತನ ವಸ್ತುವೊಂದನ್ನು ತಮ್ಮ ಕೃತಿಯೆಂದು ಸುಳ್ಳು ಹೇಳಿರುತ್ತಾರೆ.’ ಈ ವಾಕ್ಯದಲ್ಲಿ ನಿಜವಾದ ಒಂದು ಪದವೂ ಇಲ್ಲ.

ಬಸ್ಸಿನಲ್ಲಿ ಮೇಲ್ಮನವಿಯ ಮಾತೆತ್ತಿದೆ.

“ಬ್ಯಾಡ್ರಿ ಸಾಹೇಬ್ರ. ಮತ್ತೊಮ್ಮಿ ಅದನ್ನ ಬರಸ್ಕೊಂಡ ಬರೂದೇನು?” ಎಂದರು. ಇಳಿಯುವ ಊರು ಹತ್ತಿರವಾದಾಗ, “ಮನಿಯಾಗ, ಕೈ ನಡೀಲಿಲ್ಲ, ಅದಕ್ಕ ಕೊಡಲಿಲ್ಲ ಅಂತ ಹೇಳ್ರಿ. ಸುಳ್ಳ ಅಂತ ಬರದದ್ದು ಆಕಿಗೆ ಗೊತ್ತಾಗೂದು ಬ್ಯಾಡ.”

ಏನಾಯಿತೆಂದು ಕುಲ್ಸುಮಬಿಯವರು ಬಾಗಿಲಲ್ಲೇ ಕೇಳಿದರು. ಕೈ ನಡೆಯಲಿಲ್ಲವೆಂದು ಹೇಳಿದೆ.