ವಂದನೆಯ ಜೊತೆ ಹೋದ ಸಾಲು

ಎರಡು ಸಾವಿರದ ದಶಕದ ನಡುವಿನ ಕೆಲವು ವರ್ಷ ನಾನು ಕನ್ನಡದ ಒಂದು ಪ್ರಶ್ನೋತ್ತರ ಜಾಲತಾಣದಲ್ಲಿ ಪ್ರಶ್ನೆಗಳನ್ನು ತಿದ್ದುತ್ತಿದ್ದೆ. ಸಂಬಳವಿಲ್ಲದ ಕೆಲಸ. ಕಚೇರಿ ಮುಗಿಸಿ ಕುಮಟೆಯ ಸೈಬರ್ ಸೆಂಟರಿನಲ್ಲಿ ಒಂದು ಗಂಟೆ ಕೂರುತ್ತಿದ್ದೆ. ನಿಯಮ ಸರಳ: ಪ್ರಶ್ನೆ ಮಾತ್ರ ಉಳಿಯಬೇಕು, ನಮಸ್ಕಾರ, ಕ್ಷೇಮ, ವಂದನೆ ಹೋಗಬೇಕು. ನಮ್ಮ ಕಡೆಯವರು ಅಲ್ಲಿಯೂ ಕಾಗದ ಬರೆದಂತೆಯೇ ಬರೆಯುತ್ತಿದ್ದರು. ಮೊದಲು ಎಲ್ಲರ ಕ್ಷೇಮ, ನಡುವೆ ಕೇಳುವುದು, ಹೇಳಲು ಸಂಕೋಚವಾದದ್ದು ಕೊನೆಗೆ, ವಂದನೆಗೆ ಅಂಟಿಕೊಂಡು. ಇದು ನನಗೆ ಗೊತ್ತಿತ್ತು. ಆದರೂ ಇಪ್ಪತ್ತು ಮೂವತ್ತು ಪ್ರಶ್ನೆ ತಿದ್ದಿ ದಣಿದ ಮೇಲೆ ಕೊನೆಯ ಪ್ಯಾರಾವನ್ನು ಓದುತ್ತಿರಲಿಲ್ಲ, ಅಳಿಸುತ್ತಿದ್ದೆ.

ಧಾರೇಶ್ವರದಲ್ಲಿ ಹೊಲಿಗೆ ಮಾಡುವ ಒಬ್ಬ ಹೆಂಗಸು, ಬಾವಿ ನೀರು ವಾಸನೆ ಬರುತ್ತಿದೆ, ಬ್ಲೀಚಿಂಗ್ ಪುಡಿ ಎಷ್ಟು ಹಾಕಬೇಕು ಎಂದು ಕೇಳಿದ್ದರು. ಇಪ್ಪತ್ತು ಸಾಲು. ನಾನು ಒಂದು ಸಾಲು ಮಾಡಿದೆ. ಅಳತೆ ಹೇಳುವ ಉತ್ತರ ಅಂದೇ ಬಂತು.

ಹದಿನೈದು ದಿನದ ಮೇಲೆ ಆಕೆ, ತನ್ನ ಪ್ರಶ್ನೆ ತಿದ್ದಿದವರು ಯಾರೆಂದು ಕೇಳುತ್ತ, ಸೈಬರ್ ಸೆಂಟರಿಗೆ ಬಂದರು. ಅಂಗಡಿಯವರು ನನ್ನನ್ನು ತೋರಿಸಿ, "ತಿದ್ದೂರು ಇವ್ರೇ ನೋಡಿ. ಲಗ್ನಪತ್ರಿಕೆ ಕೊಟ್ರೂ ಮುಹೂರ್ತ ಒಂದು ಬಿಟ್ಟು ಎಲ್ಲಾ ಹೊಡೆದು ಹಾಕೂರು" ಎಂದು ನಕ್ಕರು.

ಆಕೆ ನಗಲಿಲ್ಲ. "ನಾ ಕಡೀಗೆ ಬರ್ದದ್ದು ಓದಿದ್ರಾ?"

"ಎಂತ ಬರೆದಿದ್ರಿ?"

"ಪುಡಿ ಹಾಕಿ ಮರುದಿನ ನಮ್ಮ ಭಾವ ಕೆಸರು ತೆಗೂಕೆ ಇಳೀತಾರೆ, ಅವ್ರಿಗೆ ಎಂತಾದ್ರೂ ಆಗೂದಾ ಅಂತ. ಯಾರೂ ಬೇಡ ಅನ್ಲಿಲ್ಲ. ಅದ್ಕೇ ಇಳಿದ್ರು."

ಪುಡಿಯ ಘಾಟಿಗೆ ಬಾವಿಯೊಳಗೆ ಭಾವನಿಗೆ ಎಚ್ಚರ ತಪ್ಪಿತ್ತು. ಸೊಂಟಕ್ಕೆ ಹಗ್ಗವಿತ್ತು, ಮೇಲೆ ಇಬ್ಬರಿದ್ದರು, ಎಳೆದರು. ಹೊನ್ನಾವರದ ಆಸ್ಪತ್ರೆಯಲ್ಲಿ ಎಂಟು ದಿನ. ಜೀವ ಉಳಿಯಿತು, ಉಸಿರು ಮೊದಲಿನಂತಿಲ್ಲ.

ನಾನು ತಿದ್ದುವ ಮೊದಲಿನ ಪ್ರತಿಯನ್ನು ತೆರೆದೆ. ಆ ಮಾತು ಅಲ್ಲಿತ್ತು, 'ತಮಗೆಲ್ಲ ವಂದನೆಗಳು' ಎಂಬುದರ ಹಿಂದಿನ ಸಾಲಿನಲ್ಲಿ. ತಪ್ಪಾಯಿತು ಎಂದೆ.

"ಆತು ಬಿಡಿ. ಉದ್ದ ಬರಿಯೂಕಾಗ ಅಂತ ನಂಗೆ ಗೊತ್ತಿರ್ಲಿಲ್ಲ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುವಾರ ಆಕೆಯ ಹೆಸರಿನಲ್ಲಿ ಇನ್ನೊಂದು ಪ್ರಶ್ನೆ ಬಂತು. ನಮಸ್ಕಾರವಿಲ್ಲ, ಕ್ಷೇಮವಿಲ್ಲ. 'ನಡೆಯುವಾಗ ಉಸಿರು ಕಟ್ಟಿದರೆ ಏನು ಮಾಡಬೇಕು?' ಅಷ್ಟೇ. ನಿಯಮದ ಪ್ರಕಾರ ತಿದ್ದುವಂಥದ್ದು ಏನೂ ಇರಲಿಲ್ಲ. ಯಾರಿಗೆ, ಎಂದಿನಿಂದ, ಯಾಕೆ ಎಂದು ಓದಿದವರಿಗೆ ತಿಳಿಯುವಂತೆಯೂ ಇರಲಿಲ್ಲ. ನನಗೆ ಗೊತ್ತಿದ್ದಷ್ಟನ್ನು, ಬಾವಿ, ಪುಡಿ, ಆಸ್ಪತ್ರೆಯ ಎಂಟು ದಿನ, ಒಂದೊಂದಾಗಿ ಕೆಳಗೆ ಸೇರಿಸಿದೆ. ಉತ್ತರಕ್ಕೆ ಕಾಯಲಿಲ್ಲ. ಕಂಪ್ಯೂಟರ್ ಹಾಗೇ ಬಿಟ್ಟು ಧಾರೇಶ್ವರದ ಬಸ್ಸು ಹತ್ತಿದೆ.