ಬದುವಿನ ಮೇಲಿದ್ದ ಪೆಟ್ಟಿಗೆ

ಎಪ್ಪತ್ತರ ದಶಕದ ಒಂದು ಏಪ್ರಿಲ್. ಹೈದರಾಬಾದಿನಿಂದ ನಾವು ಸಂಶೋಧನೆಗೆಂದು ಹಾರಿಸಿದ್ದ ಬಲೂನು ದಾರಿ ತಪ್ಪಿ, ಅದರ ಪೆಟ್ಟಿಗೆ ಶಿವನಿ ಹತ್ತಿರದ ಹೊಲದಲ್ಲಿ ಬಿದ್ದಿದೆಯೆಂದು ಬೆಂಗಳೂರಿಗೆ ತಂತಿ ಬಂತು. ನಾನು ಹತ್ತಿದ ರೈಲು ಶಿವನಿಯಲ್ಲಾಗಲಿ ಪಕ್ಕದ ಅಜ್ಜಂಪುರದಲ್ಲಾಗಲಿ ನಿಲ್ಲುವಂಥದ್ದಲ್ಲ. ಕಡೂರಿನಲ್ಲಿ ಇಳಿದು, ಹಳಸಿದ ಇಡ್ಲಿ ತಿಂದು, ಬಸ್ಸಿನಲ್ಲಿ ನಿಂತೇ ಹೋದೆ.

ಪೆಟ್ಟಿಗೆಯಲ್ಲಿದ್ದದ್ದು ಕಪ್ಪು ಕಾಗದ ಸುತ್ತಿದ, ಫೋಟೋ ಲೇಪನದ ಗಾಜಿನ ಫಲಕಗಳು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ಹಾದರೆ ಅವುಗಳಲ್ಲಿ ಗೀರು ಉಳಿಯುತ್ತದೆ. ನಕ್ಷತ್ರಗಳ ನಡುವಿನ ಅನಿಲ ಮಜ್ಜಿಗೆ ಕಡೆದಂತೆ ಕಲಕಿ ಗ್ಯಾಲಕ್ಸಿಯ ಕಾಂತಕ್ಷೇತ್ರವನ್ನು ತೊಡಕು ಮಾಡುತ್ತದೆ. ಕಿರಣಗಳು ಆ ತೊಡಕಿನಲ್ಲಿ ಲಕ್ಷಾಂತರ ವರ್ಷ ಅಲೆದು, ತಾವೂ ಒತ್ತಿ ಆ ಕ್ಷೇತ್ರವನ್ನು ಬಾಗಿಸುತ್ತವೆ. ಎಷ್ಟು ಅಲೆದವೆಂದು ಆ ಗೀರುಗಳೇ ಹೇಳಬೇಕಿತ್ತು. ನನ್ನ ಪಿಎಚ್.ಡಿ. ನಿಂತಿದ್ದದ್ದು ಅದರ ಮೇಲೆ. ಕತ್ತಲೆಕೋಣೆಯಲ್ಲಿ ಫಲಕ ತೊಳೆಯುವ ಮೊದಲೇ ಬೆಳಕು ಬಿದ್ದರೆ ಎಲ್ಲ ಮುಗಿದಂತೆ.

ಪೆಟ್ಟಿಗೆ ಬದುವಿನ ಮೇಲೆ ಭದ್ರವಾಗಿಯೇ ಇತ್ತು. ಆದರೆ ಹೊಲದವರು ಮುಟ್ಟಲು ಬಿಡಲಿಲ್ಲ. ಬದುವಿನ ಆಚೆ ಅಣ್ಣ ಸಿದ್ದಪ್ಪನ ಖಾತೆ, ಈಚೆ ತಮ್ಮ ರುದ್ರಪ್ಪನದು. ಆ ಬದುವಿಗಾಗಿಯೇ ಇಬ್ಬರೂ ಕೋರ್ಟು ಹತ್ತಿದ್ದರು.

"ಪೆಟ್ಗೆ ನಿಮ್ದೇ ಕಣ್ರೀ. ಆದ್ರೆ ಯಾರ ಹೊಲದಿಂದ ಎತ್ತಿದ್ರಿ ಅಂತ ನಾಳೆ ಕೋರ್ಟಲ್ಲಿ ಕೇಳ್ತಾರೆ. ಸರ್ವೆಯವ್ರು ಬಂದು ಅಳೀಲಿ," ಎಂದ ಸಿದ್ದಪ್ಪ. ರುದ್ರಪ್ಪ ತಲೆಯಾಡಿಸಿದ. ಅವರಿಬ್ಬರೂ ಜೊತೆಯಾಗಿ ಒಪ್ಪಿದ್ದು ಇದೊಂದನ್ನೇ ಇರಬೇಕು.

ಬಿಚ್ಚಬೇಡಿ ಎಂದು ಇಬ್ಬರಿಗೂ ಹೇಳಿ, ತಾಲ್ಲೂಕು ಕಚೇರಿಯಿರುವ ತರೀಕೆರೆಗೆ ಓಡಿದೆ. ಸರ್ವೆಯವರು ಲಕ್ಕವಳ್ಳಿಗೆ ಹೋಗಿದ್ದರು. ಸಂಜೆ ಗುಡುಗಿ ಮಳೆ ಸುರಿಯಿತು. ಲಾಡ್ಜಿನಲ್ಲಿ ಕೂತು ಆ ಅಣ್ಣತಮ್ಮಂದಿರ ವಂಶಕ್ಕೆಲ್ಲ ಶಾಪ ಹಾಕಿದೆ.

ಮರುದಿನ ಸರ್ವೆಯವರನ್ನು ಕರೆದುಕೊಂಡು ಹೋದಾಗ ಬದು ಖಾಲಿ. ಅಣ್ಣತಮ್ಮಂದಿರ ತಾಯಿ ಗೌರಮ್ಮ ಕಣದಲ್ಲಿ ಕೂತಿದ್ದರು. ಆ ಮನೆಯಲ್ಲಿ ಪಾಲಾಗದೆ ಉಳಿದ ಜಾಗ ಅದೊಂದೇ. ಸುತ್ತಲೂ ಕೊಬ್ಬರಿ ಹರವಿದಂತೆ ನನ್ನ ಫಲಕಗಳು ಬಿಸಿಲಿಗೆ ಬಿದ್ದಿದ್ದವು.

"ಪೆಟ್ಗೇಗೆ ನೀರು ನುಗ್ಗಿತ್ತು ಕಣಪ್ಪಾ. ಈ ಮಕ್ಳು ಇಬ್ರೂ ಮುಟ್ಲಿಲ್ಲ. ನಾನೇ ಕಾಗ್ದ ಬಿಚ್ಚಿ, ಸೆರಗಲ್ಲಿ ಒರಸಿ ಒಣಗಾಕಿದೀನಿ. ಒಂದೂ ಒಡೆದಿಲ್ಲ ನೋಡು."

ಬಿಚ್ಚಬಾರದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಕೆಯ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಇನ್ನು ಯಾವ ಕೆಲಸಕ್ಕೂ ಬಾರದ ಫಲಕಗಳನ್ನು ಒಂದೊಂದಾಗಿ ಎಣಿಸಿದೆ.

ಸರ್ವೆಯವರು ಸರಪಳಿ ಎಳೆದು ಅಳೆದರು. ಪೆಟ್ಟಿಗೆ ಬಿದ್ದ ಜಾಗ ಇಬ್ಬರದೂ ಅಲ್ಲ, ನಕ್ಷೆಯಲ್ಲಿದ್ದ ಹಳೆಯ ಸರ್ಕಾರಿ ಬಂಡಿದಾರಿ.

"ಹಂಗಾದ್ರೆ ತಗಂಡೋಗಿ ಸ್ವಾಮಿ, ನಮ್ದೇನೂ ಅಡ್ಡಿಯಿಲ್ಲ," ಎಂದ ರುದ್ರಪ್ಪ.

ಶಿವನಿ ಸ್ಟೇಷನ್ನಿಗೆ ಗಾಡಿ ಕಟ್ಟಿಸಿಕೊಟ್ಟರು. ಗೌರಮ್ಮ ಫಲಕಗಳ ನಡುವೆ ಹುಲ್ಲಿಟ್ಟು, ಹಳೇ ಸೀರೆಯಲ್ಲಿ ಗಂಟು ಕಟ್ಟಿ ನನ್ನ ಕೈಗಿತ್ತರು. "ಮೋಡ ಕಟ್ಟೈತೆ. ಮತ್ತೆ ನೆನೆಸ್ಬೇಡ ಕಣಪ್ಪಾ."

ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ರೈಲಿನಲ್ಲಿ ಕೂತೆ. ಕಡೂರು ದಾಟುವಾಗ ಮಳೆ ಒಳಗೆ ಎರಚಿತು. ಎದ್ದು ಮೂರ್ಖನಂತೆ ಕಿಟಕಿ ಮುಚ್ಚಿದೆ.