ಟಗರಿನ ಬೆನ್ನು, ಟ್ರೈಪಾಡಿನ ಕಾಲು

"ಅಕ್ಕಾರ, ಮುರೀತೈತ್ರಿ!" ಎಂದು ಜಮಖಂಡಿಯ ಕ್ಯಾಮೆರಾ ಅಂಗಡಿಯ ಮಾಲೀಕರು ಕೂಗಿದರು. ನಾನು ಅವರು ಮಾರಾಟಕ್ಕಿಟ್ಟ ಹೊಸ ಟ್ರೈಪಾಡಿನ ತಲೆಯ ಮೇಲೆ ಎರಡೂ ಅಂಗೈ ಊರಿ, ಮೈಭಾರ ಬಿಟ್ಟು ಒತ್ತುತ್ತಿದ್ದೆ.

"ಮುರಿಯೂದಾದ್ರ ಇಲ್ಲೇ ಮುರೀಲಿ ಬಿಡ್ರಿ, ಹೊಳಿ ದಂಡ್ಯಾಗ ಬ್ಯಾಡ" ಎಂದೆ.

ಹಿಪ್ಪರಗಿ ಬ್ಯಾರೇಜಿನ ಹಕ್ಕಿಗಳ ಫೋಟೊ ತೆಗೆಯಲೆಂದು ಕೊಂಡ ನನ್ನ ಲೆನ್ಸ್ ಕ್ಯಾಮೆರಾಕ್ಕಿಂತ ಭಾರ. ಅದು ಹೊಳೆಗೆ ಬಿದ್ದರೆ ಮತ್ತೊಂದು ಕೊಳ್ಳುವ ಶಕ್ತಿ ನನಗಿಲ್ಲ. ನಾವು ಕುರಿ ಸಾಕುವವರು. ಟಗರು ಕೊಳ್ಳುವಾಗ ಬೆನ್ನ ಮೇಲೆ ಕೈಯೂರಿ ಒತ್ತುತ್ತೇವೆ. ಕುಗ್ಗಿದರೆ, ಕೊಂಬು ಎಷ್ಟೇ ಚೆಂದವಿದ್ದರೂ ಬಿಟ್ಟು ಮುಂದೆ ಹೋಗುತ್ತೇವೆ. ಅಂಗಡಿಯಲ್ಲೂ ಅದನ್ನೇ ಮಾಡಿದೆ. ಮಿರಿಮಿರಿ ಮಿಂಚುವ ಎರಡು ಟ್ರೈಪಾಡುಗಳ ಕಾಲುಗಳು ಮೆಲ್ಲಗೆ ಒಳಸರಿದವು. ಮೂರನೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ಬೆಲೆಯೂ ಕಡಿಮೆ. ಅದರ ಕಾಲು ದಪ್ಪ; ಎತ್ತಿದರೆ ಅಲುಗಾಡುವ ನಡುವಿನ ಕಂಬವನ್ನು ಎತ್ತದೆಯೇ ನನ್ನ ಕಣ್ಣಿನ ಮಟ್ಟಕ್ಕೆ ಬಂತು. ಒತ್ತಿದೆ, ಜಪ್ಪಯ್ಯ ಅನ್ನಲಿಲ್ಲ. ಅದನ್ನೇ ಕಟ್ಟಿಕೊಡಲು ಹೇಳಿದೆ.

ಮಾಲೀಕರು ನಗಬಹುದು ಅಂದುಕೊಂಡಿದ್ದೆ. ಅವರು ಒಳಗಿನ ಸ್ಟುಡಿಯೋಗೆ ಹೋಗಿ ತಮ್ಮದೇ ಟ್ರೈಪಾಡ್ ತಂದರು, ಕ್ಯಾಮೆರಾ ಬಿಚ್ಚಿಟ್ಟು ನನ್ನ ಹಾಗೆಯೇ ಒತ್ತಿದರು. ಒಂದು ಕಾಲು ಸರ್ರನೆ ಕುಸಿಯಿತು.

ಮೊನ್ನೆ ಆ ಅಂಗಡಿಯ ಮುಂದೆ ಹಾಯ್ದೆ. ಗಿರಾಕಿಯೊಬ್ಬರು ಟ್ರೈಪಾಡಿನ ಬೆಲೆ ಕೇಳುತ್ತಿದ್ದರು. ಮಾಲೀಕರು ಬೆಲೆ ಹೇಳುವ ಮೊದಲು ತೋಳೇರಿಸಿ, ಅದರ ತಲೆಯ ಮೇಲೆ ಎರಡೂ ಅಂಗೈ ಊರಿದರು.